ಅಳಿಯ ಮುನಿದ ದೀಪಾವಳಿ

ಶಹಾಪುರದ ಹಗ್ಗ-ತಾಡಪತ್ರಿ (ಟಾರ್ಪಾಲು) ವ್ಯಾಪಾರಿ ಜಗದೇವಪ್ಪನಿಗೆ ನರಕ ಚತುರ್ದಶಿಯ ದಿನ ಮುಂಜಾನೆಯಿಂದಲೇ ಸಿಟ್ಟು ಬಂದಿತ್ತು. ಸಿಟ್ಟು ಅವನಿಗೆ ಹೊಸದಲ್ಲ. ಚೌಕಾಸಿ ಮಾಡುವ ಗಿರಾಕಿಯ ಮೇಲೆ, ಕರೆಂಟು ಹೋದರೆ ಕರೆಂಟಿನ ಮೇಲೆ, ಬಂದರೆ ಬಿಲ್ಲಿನ ಮೇಲೆ ಸಿಟ್ಟು ಮಾಡಿ, ಊಟದ ಹೊತ್ತಿಗೆ ಖಾಲಿಯಾಗಿ ಮನೆಗೆ ಬರುವ ಮನುಷ್ಯ ಅವನು. ಆದರೆ ಇವತ್ತಿನದು ಖರ್ಚು ಮಾಡಲು ಬಾರದ ಸಿಟ್ಟು, ಯಾಕೆಂದರೆ ಅದು ಹೊಸ ಅಳಿಯನ ಮೇಲಿನ ಸಿಟ್ಟು. ಮೊಮ್ಮಗ ಹುಟ್ಟಿ, ಅದಕ್ಕೆ ಹಲ್ಲು ಬರುವವರೆಗೂ ಅಳಿಯನ ಮೇಲೆ ಸಿಟ್ಟು ಮಾಡುವ ಅಧಿಕಾರ ಯಾವ ಮಾವನಿಗೂ ಇಲ್ಲ. (ಈ ನಿಯಮ ಮಾಡಿದವರು ಯಾರೋ ಗೊತ್ತಿಲ್ಲ, ಮಾಡಿದವನು ಯಾರದೋ ಮನೆಯ ಅಳಿಯನೇ ಇರಬೇಕು.)

ಒಬ್ಬಳೇ ಮಗಳು ಕಸ್ತೂರಿಯನ್ನು ಅವನು ಬೇಸಿಗೆಯಲ್ಲಿ ಸುರಪುರಕ್ಕೆ ಕೊಟ್ಟಿದ್ದ. ಅಳಿಯ ಚೇತನಕುಮಾರ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಗುಟಕಾ ಇಲ್ಲ, ಇಸ್ಪೀಟು ಇಲ್ಲ, ಎತ್ತರದ ದನಿಯೂ ಇಲ್ಲ. ಮದುವೆಯ ದಿನ ಎಲ್ಲರೂ ಒಂದೇ ತಾಟಿನಲ್ಲಿ ಕಲಸಿ ಉಣ್ಣುವ ಭೂಮದ ಊಟಕ್ಕೆ ಕೂತಾಗ ಹುಡುಗ ತಾಟಿನ ಅಂಚಿನಲ್ಲಿದ್ದ ಹಪ್ಪಳವನ್ನು ಮಾತ್ರ ಮುರಿದು ತಿಂದಿದ್ದ. ಎಷ್ಟು ನಾಚಿಕೆಯ ಹುಡುಗ ಎಂದು ಹೆಂಗಸರೆಲ್ಲ ಮೆಚ್ಚಿದ್ದರು.

ಈಗ ಮೊದಲ ದೀಪಾವಳಿ. ಮೊದಲ ದೀಪಾವಳಿಗೆ ಬಂದ ಅಳಿಯನಿಗೆ ಎಣ್ಣೆ ಹಚ್ಚಿ ಎರೆಯಬೇಕು, ಹೊಸ ಬಟ್ಟೆ ಉಡಿಸಬೇಕು, ಆರತಿ ಎತ್ತಬೇಕು, ಏಳಲಾರದಷ್ಟು ಉಣಿಸಬೇಕು. ಆಮೇಲೆ ಅವನು ನಗುತ್ತ ಬಸ್ಸು ಹತ್ತಬೇಕು. ಈ ನಗು ಬಹಳ ಮುಖ್ಯ. ಬಸ್ ಸ್ಟ್ಯಾಂಡಿನವರೆಗೆ ಓಣಿಯ ಎರಡೂ ಬದಿಯ ಕಟ್ಟೆಗಳ ಮೇಲೆ ಕೂತವರು ಅಳಿಯನ ಮುಖವನ್ನೇ ನೋಡುತ್ತಾರೆ. ಮುಖ ಸ್ವಲ್ಪ ಸಪ್ಪಗಿದ್ದರೂ ಸಾಕು, ಜಗದೇವಪ್ಪ ಅಳಿಯನನ್ನು ನೆಟ್ಟಗೆ ನೋಡಿಕೊಳ್ಳಲಿಲ್ಲ ಎಂಬ ಮಾತು ಬಸ್ಸಿಗಿಂತ ಮೊದಲು ಸುರಪುರ ಮುಟ್ಟುತ್ತದೆ. ಮುಟ್ಟಿ, ಬೇರೆ ಯಾರ ತಲೆಯ ಮೇಲೂ ಅಲ್ಲ, ಕಸ್ತೂರಿಯ ತಲೆಯ ಮೇಲೆ ಕೂರುತ್ತದೆ. ಜಗದೇವಪ್ಪನಿಗೆ ಅದೊಂದೇ ಹೆದರಿಕೆ. ಮಗಳಿಗೆ ಆ ಮನೆಯಲ್ಲಿ ಒಂದು ಮಾತೂ ಬರಬಾರದು.

“ಅಳಿಯಂದ್ರು ನಕ್ಕೋತ ಬಸ್ ಹತ್ತಬೇಕು. ಅಷ್ಟ ನನಗ ಬೇಕಾಗಿದ್ದು,” ಎಂದು ಹೆಂಡತಿ ಗುರುದೇವಿಗೆ ವಾರದಿಂದ ಹೇಳಿದ್ದೇ ಹೇಳಿದ್ದ.

ಆದರೆ ಅಳಿಯ ನಗುವುದಿರಲಿ, ನೆಟ್ಟಗೆ ಕೂಡುವುದೇ ಕಷ್ಟವಾಯಿತು. ಮುಂಜಾನೆ ರಂಗೋಲಿ ಹಾಕಿದ ಮಣೆಯ ಮೇಲೆ ಕೂರಿಸಿ ಗುರುದೇವಿ ಬೆಚ್ಚಗಿನ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಅವನ ನೆತ್ತಿಯ ಮೇಲೆ ಮೆಲ್ಲಗೆ ಸವರಿದಳು. ಚೇತನಕುಮಾರ ಕಾದ ಹಂಚು ತಾಗಿದವನ ಹಾಗೆ ಎದ್ದು ನಿಂತ.

“ಅತ್ತಿಯಾರ, ತಪ್ಪ ತಿಳ್ಕೋಬ್ಯಾಡ್ರಿ. ನಾನ ಹಚ್ಕೋತೀನ್ರಿ,” ಎಂದವನು ಎಣ್ಣೆಯ ಬಟ್ಟಲು ತೆಗೆದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಹೊರಗೆ ಬಂದಾಗ ಬಟ್ಟಲಲ್ಲಿ ಎಣ್ಣೆ ಇದ್ದಷ್ಟೇ ಇತ್ತು. ರೇಷ್ಮೆ ಧೋತರ, ಗರಿಗರಿ ಅಂಗಿ, ಜರಿಯ ಶಾಲು ತೊಟ್ಟು ಆರತಿಗೆ ಕೂತಾಗ ಅವನ ಮುಖ ನೋಡಿದರೆ ಯಾರೋ ಅವನ ಅಂಗಿಯೊಳಗೆ ಕೆಂಜಿರುವೆ ಬಿಟ್ಟಿದ್ದಾರೆ ಅನ್ನಬೇಕು. ಆರತಿಯ ತಟ್ಟೆ ಕೆಳಗಿಟ್ಟದ್ದೇ ತಡ, ಒಳಗೆ ಹೋಗಿ ತೊಳೆದು ತೊಳೆದು ಬಣ್ಣ ಹೋದ ಹಳೆಯ ಹತ್ತಿ ಅಂಗಿ ಹಾಕಿಕೊಂಡು ಬಂದ. ಆ ಅಂಗಿಯ ಕೊರಳಪಟ್ಟಿಯ ಚೀಟಿಯನ್ನೂ ಕತ್ತರಿಸಿ ತೆಗೆದಿದ್ದ. ಓಣಿಯ ಹೆಂಗಸರು ಆರತಿಗೆ ಬಂದವರು ಇನ್ನೂ ಹೋಗಿರಲಿಲ್ಲ. ಜಗದೇವಪ್ಪ ಹಲ್ಲು ಕಚ್ಚಿ ನಕ್ಕ.

ಊಟದಲ್ಲಿ ಅನಾಹುತ ಪೂರ್ತಿಯಾಯಿತು. ಗುರುದೇವಿಯ ಹೋಳಿಗೆ ಎಂದರೆ ದೋರನಹಳ್ಳಿಯ ತನಕ ಹೆಸರು. ಬಿಸಿ ಹೋಳಿಗೆಯನ್ನು ಎಲೆಗೆ ಹಾಕಿ, ಮೇಲೆ ಹಾಲು ಸುರಿದು, ತುಪ್ಪ ಬಿಟ್ಟು, ಅದು ಮೆತ್ತಗೆ ನೆನೆದು ಎಲೆಯಲ್ಲಿ ಕರಗುವ ಹೊತ್ತಿಗೆ ಅವಳು ಎದುರಿಗೆ ನಿಂತು ಅಳಿಯನ ಮುಖ ನೋಡಿದಳು. ಪಕ್ಕದಲ್ಲಿ ಶಾವಿಗೆ ಪಾಯಸ ಜಾರುತ್ತಿತ್ತು, ಎಣ್ಣೆಗಾಯಿಯ ಬದನೆ ಬಾಯಿ ಬಿಟ್ಟುಕೊಂಡು ಮಲಗಿತ್ತು. ಚೇತನಕುಮಾರ ಒಂದು ತುತ್ತು ಬಾಯಿಗಿಟ್ಟ. ಅವನ ಕಣ್ಣಲ್ಲಿ ನೀರು ಬಂತು. ಗುಳಿಗೆ ನುಂಗುವವನ ಹಾಗೆ ನೀರು ಕುಡಿದು ಅದನ್ನು ಒಳಗೆ ಕಳಿಸಿದ. ಆಮೇಲೆ ಮೆಲ್ಲಗೆ ಕೇಳಿದ:

“ಅತ್ತಿಯಾರ, ಒಂದ ಖಡಕ್ ರೊಟ್ಟಿ ಸಿಗತದೇನ್ರಿ? ಶೇಂಗಾ ಹಿಂಡಿ ಇದ್ರ ಸಾಕು.”

ದೀಪಾವಳಿಯ ದಿನ, ಮೊದಲ ಹಬ್ಬಕ್ಕೆ ಬಂದ ಅಳಿಯ, ಮಾವನ ಮನೆಯಲ್ಲಿ ಖಡಕ್ ರೊಟ್ಟಿಯನ್ನು ಕಟಂ ಕಟಂ ಎಂದು ಕಡಿಯುತ್ತ ಕೂತಿದ್ದಾನೆ. ಸದ್ದು ಓಣಿಗೆ ಕೇಳಿಸುತ್ತಿದೆ. ಗುರುದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಜಗದೇವಪ್ಪನಿಗೆ ಎಲೆ ಮಡಚಿ ಎದ್ದುಬಿಡಬೇಕು ಅನ್ನಿಸಿತು. ಎದ್ದರೆ ಅದೂ ಅಳಿಯನಿಗೆ ಮಾಡಿದ ಅವಮಾನವೇ. ಆದ್ದರಿಂದ ಸಿಟ್ಟಿನಲ್ಲಿ ಅಳಿಯನ ಪಾಲಿನ ಹೋಳಿಗೆಯನ್ನೂ ತಾನೇ ತಿಂದ.

ಊಟ ಮುಗಿದ ಮೇಲೆ ಕಸ್ತೂರಿ ಅಪ್ಪನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದಕ್ಕೆ ಎಳೆದಳು.

“ಅಪ್ಪ, ಅವರಿಗೆ ಸಣ್ಣವರಿದ್ದಾಗಿಂದ ಹಂಗ ಅದ. ಲೋಳಿ ಲೋಳಿ ಇದ್ದಿದ್ದು, ನೆಂದು ಮೆತ್ತಗಾಗಿದ್ದು ಬಾಯಾಗ ಇಟ್ರ ತಡ್ಕೊಳ್ಳಾಕ ಆಗಂಗಿಲ್ಲ. ರುಚಿ ಛಲೋನ ಇರ್ತದ, ಆದ್ರ ನಾಲಿಗಿಗೆ ತಾಗೋದ ಆಗಿ ಬರಂಗಿಲ್ಲ. ಮೈಗೂ ಅಷ್ಟ. ಗಟ್ಟ್ಯಾಗಿ ಹಿಡಿದ್ರ ಏನಿಲ್ಲ, ಮೆಲ್ಲಕ ಸವರಿದ್ರ ಚುಚ್ಚಿದಂಗ ಆಗ್ತದ. ಜರಿ, ಗಂಜಿ ಹಾಕಿದ ಅರಿವಿ ಒಂದೂ ನಡ್ಯಂಗಿಲ್ಲ.”

“ಹೋಳಿಗಿ ಚುಚ್ಚತದ. ತುಪ್ಪ ಚುಚ್ಚತದ.” ಜಗದೇವಪ್ಪ ತಡೆದಿಟ್ಟ ಸಿಟ್ಟಿನಲ್ಲಿ ಒಂದು ಪಾಲನ್ನು ಮಗಳ ಮೇಲೆ ಇಳಿಸಿದ. “ಕಸ್ತೂರಿ, ನಾ ಹುಟ್ಟಿದಾಗಿಂದ ನಾರಿನ ಹಗ್ಗದಾಗ ಕೈ ಹಾಕಿ ಬಾಳೇವು ಮಾಡ್ದಾಂವ. ನನ್ನ ಮುಂದ ಚುಚ್ಚೋ ಮಾತು ಹೇಳಬ್ಯಾಡ. ಇದು ನಖರಾ.”

“ನಖರಾ ಅಲ್ಲಪ್ಪ. ನಾ ದಿನಾ ನೋಡಾಕತ್ತೀನಿ. ಅವರಿಗರ ಹಂಗಿರೋದು ಎಲ್ಲಿ ಸುಖ ಅದ?”

“ನೀ ಈಗ ಆಕಡಿ ಪಾರ್ಟಿ ಆಗೀದಿ. ಅವರು ಹೇಳಿ ಕಳಿಸಿದ್ದು ನೀ ಹೇಳಾಕತ್ತೀದಿ.”

ಕಸ್ತೂರಿಗೂ ಸಿಟ್ಟು ಬಂತು. ಅಪ್ಪನ ಮಗಳೇ ಅವಳು. ಸಕ್ಕರೆ ಡಬ್ಬಿಯ ಮುಚ್ಚಳವನ್ನು ಬೇಕಿಲ್ಲದಿದ್ದರೂ ತೆಗೆದು ಮತ್ತೆ ಜೋರಾಗಿ ಹಾಕಿ ಹೊರಗೆ ಹೋದಳು. ಆ ಹೊತ್ತಿನಿಂದ ಆ ಮನೆಯಲ್ಲಿ ‘ಚುಚ್ಚುತ್ತದೆ’ ಎಂಬ ಶಬ್ದಕ್ಕೆ ಬಹಿಷ್ಕಾರ ಬಿತ್ತು.

ಸಂಜೆ ಜಗದೇವಪ್ಪ ಲಕ್ಷ್ಮೀಪೂಜೆಯ ನೆಪ ಮಾಡಿಕೊಂಡು ಅಂಗಡಿಗೆ ಹೋದ. ಪಕ್ಕದ ಚಪ್ಪಲಿ ಅಂಗಡಿಯ ವಹಾಬ ಅವನ ಹಳೆಯ ಸ್ನೇಹಿತ. ವಹಾಬನಿಗೆ ಮೂವರು ಅಳಿಯಂದಿರು. ಆದ್ದರಿಂದ ಇಡೀ ಬಜಾರಿನಲ್ಲಿ ಅಳಿಯಂದಿರ ಬಗ್ಗೆ ಏನೇ ತಕರಾರು ಇದ್ದರೂ ಕೊನೆಯ ತೀರ್ಪು ಅವನದು. ಜಗದೇವಪ್ಪ ಎಣ್ಣೆಯಿಂದ ಶುರುಮಾಡಿ ಖಡಕ್ ರೊಟ್ಟಿಯವರೆಗೆ ಎಲ್ಲವನ್ನೂ ಹೇಳಿದ. ವಹಾಬ ಕಣ್ಣು ಮುಚ್ಚಿ ಕೇಳಿದ.

“ಅರೆ ಸಾವ್ಕಾರ, ಇದು ಜಡ್ಡಲ್ಲ. ಮುನಿಸು. ನನ್ನ ನಡುವಿನ ಅಳಿಯ ಮೊದಲನೇ ಈದಿಗೆ ಬಂದಾಗ ಬಿರ್ಯಾನಿ ಬಿಟ್ಟು ಬರೇ ನೀರ ಕುಡ್ದ. ಯಾಕಪ್ಪ ಅಂದ್ರ ಹೊಟ್ಟಿ ಬರೋಬರಿ ಇಲ್ಲ ಅಂದ. ಫ್ರಿಜ್ ಕೊಟ್ಟೆ. ಹೊಟ್ಟಿ ಬರೋಬರಿ ಆತು.”

ಜಗದೇವಪ್ಪನಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಹೊಸ ಅಳಿಯ ತಾಟು ಸರಿಸಿದರೆ ಅದಕ್ಕೆ ನಮ್ಮ ಕಡೆ ಒಂದೇ ಅರ್ಥ: ಏನೋ ಬೇಕಾಗಿದೆ, ಬಾಯಿ ಬಿಟ್ಟು ಕೇಳಲು ನಾಚಿಕೆ. ಇಷ್ಟು ಸರಳವಾದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟಾದ. ಸಾಧು ಮಾಸ್ತರ ಎಂದು ತಿಳಿದಿದ್ದವನು ಒಳಗೊಳಗೆ ಇಂಥವನೇ ಎಂದು ಅಳಿಯನ ಮೇಲೆ ಇನ್ನಷ್ಟು ಸಿಟ್ಟಾದ. ಆದರೂ ಮಗಳ ಬಾಳು. ಅಕ್ಕಸಾಲಿಗರ ಅಂಗಡಿಗೆ ಹೋಗಿ ಬಂಗಾರದ ಉಂಗುರ ತಂದ.

ಚೇತನಕುಮಾರ ಉಂಗುರವನ್ನು ಬೆರಳಿಗೆ ಹಾಕಿಕೊಂಡ. ತಿರುಗಿಸಿದ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಎಳೆದ, ಬಿಟ್ಟ, ಬೆರಳನ್ನು ಮಡಚಿದ. ಸ್ವಲ್ಪ ಹೊತ್ತಿನಲ್ಲಿ ಉಂಗುರ ಟೀವಿಯ ಮೇಲೆ ಕೂತಿತ್ತು, ಅಳಿಯ ಬೆರಳು ತಿಕ್ಕಿಕೊಳ್ಳುತ್ತ ಕೂತಿದ್ದ.

“ಯಾಕ್ರಿ ಅಳಿಯಂದ್ರ, ಹಿಡಸ್ಲಿಲ್ಲೇನು?”

“ಭಾಳ ಛಲೋ ಅದರಿ ಮಾವಾರ. ಆದ್ರ ನನಗ ಇಂಥಾದ್ದು ಬ್ಯಾಡಾಗಿತ್ರಿ.”

ಈ ಮಾತನ್ನು ಜಗದೇವಪ್ಪ ಫೋನಿನಲ್ಲಿ ವಹಾಬನಿಗೆ ಇದ್ದದ್ದು ಇದ್ದ ಹಾಗೆ ಒಪ್ಪಿಸಿದ. “ಇಂಥಾದ್ದು ಬ್ಯಾಡ ಅಂದ್ನಾ?” ಎಂದು ವಹಾಬ ಎರಡು ಸಲ ಕೇಳಿದ. “ಅಂದ್ರ ಅಂಥಾದ್ದು ಬೇಕು. ದೊಡ್ಡದು. ಗಾಲಿ ಇದ್ದಿದ್ದು.”

ಆ ರಾತ್ರಿ ಅಳಿಯನಿಗೆಂದೇ ತಂದ ಹೊಸ ಗಾದಿ, ಹೊಸ ಸೊಲ್ಲಾಪುರ ಚಾದರದ ಮೇಲೆ ಚೇತನಕುಮಾರನಿಗೆ ನಿದ್ದೆ ಬರಲಿಲ್ಲ. ಮುಂಜಾನೆ ಕಣ್ಣು ಕೆಂಪಾಗಿದ್ದವು. ಗುಡ್ಡವೇ ಬುದ್ಧನ ಹಾಗೆ ಬರಿ ಬಂಡೆಯ ಮೇಲೆ ಆರಾಮಾಗಿ ಕಾಲು ಚಾಚಿ ಮಲಗಿರುವ ಈ ಊರಿನಲ್ಲಿ, ಒಬ್ಬ ಮನುಷ್ಯನಿಗೆ ಗಾದಿಯ ಮೇಲೆ ನಿದ್ದೆ ಬಾರದಿದ್ದರೆ ಅದು ಮುನಿಸಲ್ಲದೆ ಇನ್ನೇನು? ಜಗದೇವಪ್ಪನ ಸಂಶಯ ಪೂರ್ತಿ ಹೋಯಿತು.

ಪಾಡ್ಯದ ದಿನ ಗಾಡಿ ತೆಗೆದುಕೊಳ್ಳಲು ಒಳ್ಳೆಯ ಮುಹೂರ್ತ. ಜಗದೇವಪ್ಪ ಅಳಿಯನನ್ನು ಯಾದಗಿರಿ ರಸ್ತೆಯ ಮೋಟರ್ ಸೈಕಲ್ ಅಂಗಡಿಗೆ ಕರೆದುಕೊಂಡು ಹೋದ. ಹಿಂದೆ ವಹಾಬ ಸಾಕ್ಷಿಯಾಗಿ ಬಂದ. ಕೆಂಪು ಗಾಡಿಗೆ ಚೆಂಡುಹೂವಿನ ಮಾಲೆ ಹಾಕಿ ನಿಲ್ಲಿಸಿದ್ದರು. ಚೇತನಕುಮಾರ ಗಾಬರಿಯಾದ.

“ಬ್ಯಾಡ್ರಿ ಮಾವಾರ. ನಾ ಗಾಡಿ ನಡಸಂಗಿಲ್ಲ.”

“ಯಾಕ್ರಿ, ಕಲೀಬಹುದಲ್ಲ?”

“ಕಲಿಯೋದಲ್ರಿ. ಹೆಲ್ಮೆಟ್ ತಲಿ ಮ್ಯಾಲ ಇಟ್ಕೊಳ್ಳಾಕ ಆಗಂಗಿಲ್ಲ. ಒಳಗಿನ ಸ್ಪಂಜು ಕಿವಿಗೆ ತಾಗತದ. ಅದಕ ಎಲ್ಲಿ ಹೋದ್ರೂ ಬಸ್ಸಿಗೆ ಹೋಗ್ತೀನ್ರಿ.”

ಅಂಗಡಿಯವನು ಮುಖ ತಿರುಗಿಸಿ ನಕ್ಕ. ಜಗದೇವಪ್ಪನ ಕಿವಿ ಬಿಸಿಯಾದವು. ವಹಾಬ ಅವನನ್ನು ಪಕ್ಕಕ್ಕೆ ಎಳೆದು ತಣ್ಣಗೆ ಹೇಳಿದ:

“ಸಾವ್ಕಾರ, ಲೆಕ್ಕ ಹಾಕು. ಗಾಲಿ ಬೇಕು, ಹೆಲ್ಮೆಟ್ ಬ್ಯಾಡ. ಹೆಲ್ಮೆಟ್ ಇಲ್ಲದ್ದು ಯಾವುದು? ಕಾರು.”

ಕಾರು. ಕಾರು ಅಂದರೆ ಸುರಪುರ ರಸ್ತೆಯಲ್ಲಿ ಮುದಿತನಕ್ಕೆಂದು ಇಟ್ಟುಕೊಂಡಿದ್ದ ಪ್ಲಾಟು ಹೋದ ಹಾಗೆಯೇ. ಜಗದೇವಪ್ಪ ಹಗ್ಗ ಮಾರಿ, ಗೋಣಿಚೀಲ ಮಾರಿ, ಬಿಸಿಲಿನಲ್ಲಿ ತಾಡಪತ್ರಿ ಬಿಚ್ಚಿ ತೋರಿಸಿ ಮಾಡಿದ ಪ್ಲಾಟು ಅದು.  ಮನೆಗೆ ಬರುವ ದಾರಿಯಲ್ಲಿ ಅಡ್ಡ ಬಂದ ಆಟೋದವನನ್ನು ಬೈದ. ಆಟೋ ನಿಂತಿತ್ತು, ಅಡ್ಡ ಹೋದವನು ಇವನೇ.

ಮೂವರೂ ಮನೆಯೊಳಗೆ ಕಾಲಿಟ್ಟಾಗ ಗುರುದೇವಿ ಹುಗ್ಗಿಯ ಬೋಗುಣಿ ಹಿಡಿದು ನಿಂತಿದ್ದಳು. ಚೇತನಕುಮಾರ ಅಂಟಂಟಾದ ಹುಗ್ಗಿಯನ್ನು ಒಂದು ಸಲ ನೋಡಿ ಕಣ್ಣು ತಪ್ಪಿಸಿದ. ಅಷ್ಟೇ. ಎರಡು ದಿನದಿಂದ ಜಗದೇವಪ್ಪ ಹಲ್ಲಿನ ಹಿಂದೆ ಹಿಡಿದಿಟ್ಟದ್ದೆಲ್ಲ ಹೊರಗೆ ಬಂತು.

“ಕೇಳ್ರಿ ಅಳಿಯಂದ್ರ. ಸುತ್ತಿ ಬಳಸಿ ಮಾತಾಡೋ ಮನಿಶ್ಯಾ ಅಲ್ಲ ನಾ. ಎಣ್ಣಿ ಒಲ್ಲೆ ಅಂದ್ರಿ. ಶಾಲು ಒಲ್ಲೆ ಅಂದ್ರಿ. ಉಂಗುರ ಟೀವಿಗೆ ಹಾಕಿದ್ರಿ. ಇವತ್ತ ಗಾಡಿ ಒಲ್ಲೆ ಅಂದ್ರಿ. ನನ್ನ ಹೆಂಡ್ತಿ ಎರಡ ದಿನದಿಂದ ಒಲಿ ಮುಂದ ಕುಂತು ಅಳಾಕತ್ತಾಳ. ಏನ್ ಬೇಕ್ರಿ ನಿಮಗ? ಈ ಮನ್ಯಾಗ ಇದ್ದದ್ದು ಏನರ ಕೇಳ್ರಿ. ವಹಾಬನ ಮುಂದ ಹೇಳಾಕತ್ತೀನಿ, ಇಲ್ಲ ಅಂದ್ರ ನಾ ಜಗದೇವಪ್ಪನ ಅಲ್ಲ. ಕಾರು ಬೇಕೇನು? ಪ್ಲಾಟು ಬೇಕೇನು? ಬಾಯಿ ಬಿಟ್ಟು ಹೇಳ್ರಿ, ಹೇಳಿ ನಕ್ಕೋತ ಬಸ್ ಹತ್ರಿ.”

ಕಸ್ತೂರಿ ಅಪ್ಪ ಎಂದು ಒಂದು ಹೆಜ್ಜೆ ಮುಂದೆ ಬಂದಳು. ಚೇತನಕುಮಾರ ಅವಳನ್ನು ತಡೆದ. ಪಾಪ, ಅವನ ಮುಖ ಬೆಳ್ಳಗಾಗಿತ್ತು. ತಾನು ಏನನ್ನೂ ಕೇಳದೆ, ಯಾರಿಗೂ ತೊಂದರೆಯಾಗದ ಹಾಗೆ ಎಲ್ಲವನ್ನೂ ಸಹಿಸಿಕೊಂಡು ಹೋಗುತ್ತಿದ್ದೇನೆ ಎಂದು ತಿಳಿದಿದ್ದ ಹುಡುಗ. ಇಂಥ ಮಾತು ಕೇಳುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಮಾವಾರ, ಖರೇ ಹೇಳ್ತೀನ್ರಿ, ನನಗ ಕಾರು ಬ್ಯಾಡ, ಪ್ಲಾಟ ಬ್ಯಾಡ.” ಅವನು ತಲೆ ತಗ್ಗಿಸಿದ. “ನೀವು ಇಷ್ಟ ಕೇಳಾಕತ್ತೀರಂತ ಹೇಳ್ತೀನಿ. ನಿನ್ನಿ ಮಧ್ಯಾಹ್ನ ಮಾಳಿಗಿ ಮ್ಯಾಲ ಹೋಗಿದ್ದೆ. ಅಲ್ಲಿ ಹೊರಸಿನ ಮ್ಯಾಲ ಒಂದು ಹಳೀ ಕೌದಿ ಇತ್ರಿ. ಅದರ ಮ್ಯಾಲ ಸುಮ್ನ ಅಡ್ಡಾದೆ, ನಿದ್ದಿನ ಹತ್ತಿಬಿಡ್ತು. ಈ ಹಬ್ಬದಾಗ ನನ್ನ ಮೈಗೆ ಹಿಡಿಸಿದ್ದು ಅದೊಂದ. ಕೊಡೂದಿದ್ರ ಆ ಕೌದಿ ಕೊಡ್ರಿ.”



ಆ ಕೌದಿಯ ಬಗ್ಗೆ ಓದುಗರಿಗೆ ಹೇಳಲೇಬೇಕು. ಜಗದೇವಪ್ಪನ ತಾಯಿ ಗೊಲ್ಲಾಳಮ್ಮ ತನ್ನ ಹಳೆಯ ಸೀರೆಗಳನ್ನೂ ಗಂಡನ ಧೋತರಗಳನ್ನೂ ಒಂದರ ಮೇಲೊಂದಿಟ್ಟು ಹೊಲಿದ ಕೌದಿ ಅದು. ಅವಳು ತೀರಿಹೋಗಿ ಬಹಳ ವರ್ಷವಾಯಿತು. ಕೌದಿಗೆ ಮೊದಲು ಯಾವ ಬಣ್ಣವಿತ್ತೋ ಈಗ ಹೇಳಲು ಬಾರದು. ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸಿಗೆ ಗುರುದೇವಿ ಅದನ್ನು ಗುಟ್ಟಾಗಿ ತೋರಿಸಿದಾಗ, ಆಕೆ ಒಂದು ಚಮಚವನ್ನೂ ಕೊಡಲು ಒಪ್ಪದೆ ಬುಟ್ಟಿ ಹೊತ್ತುಕೊಂಡು ಹೋಗಿದ್ದಳು. ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಜಗದೇವಪ್ಪ ಮಲಗುವುದು ಅದರ ಮೇಲೆ. ರಾತ್ರಿ ಹೊದೆಯುವುದೂ ಅದನ್ನೇ. ಪ್ಲಾಟು ಎಂದಿದ್ದರೆ ಅವನು ಬೈದುಕೊಂಡಾದರೂ ಕೊಡುತ್ತಿದ್ದ. ಕೌದಿ ಕೊಡುವುದು ಹೇಗೆ? ವಹಾಬ ಅವನ ಮುಖವನ್ನೇ ನೋಡುತ್ತಿದ್ದ.

“ಅಷ್ಟೇನ್ರಿ?” ಎಂದವಳು ಗುರುದೇವಿ. ಎರಡು ದಿನದಲ್ಲಿ ಮೊದಲ ಸಲ ಅವಳ ಮುಖ ಅರಳಿತ್ತು. ಗಂಡ ಹೂಂ ಅನ್ನುವುದನ್ನೂ ಕಾಯದೆ ಮಾಳಿಗೆ ಹತ್ತಿ, ಕೌದಿಯನ್ನು ಝಾಡಿಸಿ, ಮಡಚಿ ತಂದು ಅಳಿಯನ ಕೈಗಿಟ್ಟಳು.

ಚೇತನಕುಮಾರ ಕೌದಿಯನ್ನು ಎದೆಗೆ ಒತ್ತಿ ಹಿಡಿದ. ಆಮೇಲೆ ನಕ್ಕ. ಎಷ್ಟು ಚೆಂದ ನಗುತ್ತಾನೆ ಈ ಹುಡುಗ ಎಂದು ಎಲ್ಲರಿಗೂ ಅವತ್ತೇ ಗೊತ್ತಾಯಿತು. ಕಸ್ತೂರಿ ಒಂದು ಹೋಳಿಗೆಯನ್ನು ಹಾಲು ತುಪ್ಪ ಏನೂ ಇಲ್ಲದೆ ಹಂಚಿನ ಮೇಲೆ ಹಪ್ಪಳದ ಹಾಗೆ ಗರಿಗರಿ ಸುಟ್ಟು ತಂದಳು. ಅವನು ಒಂದು ತಿಂದ, ಇನ್ನೊಂದು ಕೇಳಿದ. ಗುರುದೇವಿ ನಾಲ್ಕನೆಯದಕ್ಕೆ ತಾನೇ ಒಲೆಯ ಮುಂದೆ ಕೂತಳು. ಮಗಳನ್ನು ನಾಲ್ಕು ದಿನ ತವರಿನಲ್ಲಿ ಬಿಟ್ಟು ಅಳಿಯ ಸಂಜೆ ಸುರಪುರದ ಬಸ್ಸು ಹತ್ತಿದ. ಬಗಲಲ್ಲಿ ಕೌದಿ, ಮುಖದ ತುಂಬ ನಗು. ಕಟ್ಟೆಯ ಮೇಲಿನವರೆಲ್ಲ ನೋಡಿದರು. ಜಗದೇವಪ್ಪ ಬೇಡಿದ್ದು ಅಕ್ಷರಶಃ ಈಡೇರಿತು.

ಮರುದಿನ ಮಧ್ಯಾಹ್ನ ಅವನು ಮಾಳಿಗೆಯ ಹಗ್ಗ ಹೆಣೆದ ಹೊರಸಿನ ಮೇಲೆ ಸೊಲ್ಲಾಪುರ ಚಾದರ ಹಾಸಿಕೊಂಡು ಮಲಗಿದ. ಎದ್ದು ಕೂತ. ಚಾದರ ತೆಗೆದು ಮದುವೆಯಲ್ಲಿ ಬಂದ ನುಣುಪಾದ ರಗ್ಗು ಹಾಸಿದ. ಬೆಂಡೆಕಾಯಿಯ ಲೋಳೆಯಲ್ಲಿ ಮಲಗಿದ ಹಾಗಾಯಿತು. ಅದನ್ನು ಒದ್ದು, ಬರಿ ಹೊರಸಿನ ಮೇಲೆ ಮಲಗಿದ. ಹಗ್ಗ ಮೈಗೆ ಒತ್ತಿತು. ಆ ಹಗ್ಗವನ್ನು ಮಾರಿದವನು ತಾನೇ ಎಂಬುದು ನೆನಪಾಗಿ ಹಗ್ಗದ ಮೇಲೂ ಸಿಟ್ಟು ಬಂತು. ರಾತ್ರಿಯೂ ಇದೇ ಕತೆ. ಬೆಳಿಗ್ಗೆ ಚಹಾ ಬಿಸಿಯಿಲ್ಲ ಎಂದ, ಬಿಸಿ ಮಾಡಿ ತಂದರೆ ಕುದಿಸಿದ್ದಾಳೆ ಎಂದ. ಅಂಗಡಿಯಲ್ಲಿ ಗಿರಾಕಿಗೆ ಹಗ್ಗ ಅಳೆದು ಕೊಡುವಾಗ ತೂಕಡಿಸಿದ. ಮಧ್ಯಾಹ್ನ ಗುರುದೇವಿ ತಾಟು ಇಟ್ಟಾಗ ಅನ್ನವನ್ನು ಬೆರಳ ತುದಿಯಿಂದ ಮುಟ್ಟಿ ತಾಟು ಸರಿಸಿದ.

“ಅನ್ನ ಮುದ್ದಿ ಆಗೇದ. ಒಲ್ಲೆ.”

“ರೊಟ್ಟಿ ಕೊಡ್ಲೇನ್ರಿ?”

“ಒಲ್ಲೆ ಅಂದ್ನಲ್ಲ.”

ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತ. ಸಂಜೆಯಾದರೂ ಹಾಗೇ ಕೂತಿದ್ದ. 'ಕೌದಿ' ಎಂದು ಬಾಯಿ ಬಿಡುವಂತಿಲ್ಲ, ಕೊಟ್ಟ ಮಾತು. 'ಚುಚ್ಚುತ್ತದೆ' ಎಂದು ಹೇಳುವಂತಿಲ್ಲ, ತಾನೇ ಹಾಕಿದ ಬಹಿಷ್ಕಾರ. ಗುರುದೇವಿ ವಹಾಬನನ್ನು ಕರೆಸಿದಳು. ವಹಾಬ ಬಂದು ಸ್ನೇಹಿತನನ್ನು ಹಿಂದಿನಿಂದ ನೋಡಿದ, ಪಕ್ಕದಿಂದ ನೋಡಿದ, ಮುಟ್ಟದ ತಾಟನ್ನೂ ನೋಡಿದ.

“ಭಾಭಿ, ಮುನಿಸು,” ಎಂದು ತೀರ್ಪು ಕೊಟ್ಟ. “ಏನೋ ಬೇಕಾಗೇದ, ಕೇಳಾಕ ಶರಮ್ ಆಗಾಕತ್ತದ.”

“ಏನ್ ಬೇಕ್ರಿ ನಿಮಗ?” ಎಂದು ಗುರುದೇವಿ ಗಂಡನ ಬೆನ್ನಿಗೆ ಕೇಳಿದಳು. “ಉಂಗುರ ಟೀವಿ ಮ್ಯಾಲ ಅದ. ಅಳಿಯಂದ್ರು ಬಿಟ್ಟ ಹೋಗ್ಯಾರ. ಹಾಕ್ಕೋತೀರೇನು?”

ಜಗದೇವಪ್ಪ ಗೋಡೆಗೆ ಇನ್ನಷ್ಟು ಹತ್ತಿರ ಸರಿದ. ಒಳಗೆ ಕಸ್ತೂರಿ ಗಂಡನಿಗೆ ಫೋನು ಹಚ್ಚಿದಳು.

ಚೇತನಕುಮಾರ ಮರುದಿನ ಮುಂಜಾನೆಯ ಬಸ್ಸಿಗೇ ಬಂದ. ಕೈಯಲ್ಲಿ ಒಂದು ಚೀಲ. ಇನ್ನೂ ಗೋಡೆಯ ಕಡೆಗೇ ಮುಖ ಮಾಡಿದ್ದ ಮಾವನ ಹಿಂದೆ ಕೂತು, ಅಳಿಯಂದಿರನ್ನು ಹೇಗೆ ಒಲಿಸುತ್ತಾರೋ ಹಾಗೆಯೇ ಮೆತ್ತಗಿನ ದನಿಯಲ್ಲಿ ಕೇಳಿದ:

“ಮಾವಾರ, ನಿಮಗ ನಿದ್ದಿ ಹತ್ತವಲ್ದೇನ್ರಿ? ನನಗ ಮೊದ್ಲ ಹೇಳಿದ್ರ ನಾ ಅದನ್ನ ಮುಟ್ತಿದ್ದಿಲ್ಲ. ತಗೋರಿ.”

ಜಗದೇವಪ್ಪ ತಿರುಗಿದ. ಚೀಲದಿಂದ ಹೊರಬಂದ ವಸ್ತು ಯಾವುದೆಂದು ಅವನಿಗೆ ಮೊದಲು ಗುರುತು ಹತ್ತಲಿಲ್ಲ. ಬೀಗರ ಮನೆಯಿಂದ ಬಂದ ಉಡುಗೊರೆ ಎಂದು ಚೇತನಕುಮಾರನ ತಾಯಿ ಕೌದಿಯನ್ನು ಸೋಡಾ ಹಾಕಿ ಒಗೆದು, ದಟ್ಟ ಗಂಜಿ ಕೊಟ್ಟು, ಇಸ್ತ್ರಿ ಮಾಡಿಸಿ, ಸುತ್ತಲೂ ಜರಿಯ ಅಂಚು ಹಚ್ಚಿಸಿದ್ದಳು. ಕೌದಿ ಈಗ ತಾನಾಗಿಯೇ ಗೋಡೆಗೆ ಒರಗಿ ನಿಲ್ಲುವಷ್ಟು ಗಟ್ಟಿಯಾಗಿತ್ತು.

ಜಗದೇವಪ್ಪ ಕೈ ಚಾಚಿದ. ಇನ್ನೊಂದು ಬದಿಯಿಂದ ಅಳಿಯನ ಕೈಯೂ ಚಾಚಿತು. ಎರಡೂ ಕೈ ಕೌದಿಯನ್ನು ಮುಟ್ಟಿದವು, ಎರಡೂ ಒಟ್ಟಿಗೆ ಹಿಂದಕ್ಕೆ ಬಂದವು.

“ಚುಚ್ಚತದ,” ಎಂದ ಜಗದೇವಪ್ಪ.

“ಹೌದ್ರಿ ಮಾವಾರ,” ಎಂದ ಅಳಿಯ. “ನಾನೂ ಅವತ್ತಿಂದ ಮಲಗಿಲ್ಲ.”

“ಕೌದಿಗೆ ಯಾರರ ಗಂಜಿ ಹಾಕ್ತಾರೇನ್ರಿ?”

“ಅದ ನಾನೂ ಕೇಳಿದ್ನಿರಿ. ನಮ್ಮವ್ವ ಕೇಳಬೇಕಲ್ಲ.”

ಹಬ್ಬ ಶುರುವಾದಾಗಿನಿಂದ ಮಾವ ಅಳಿಯ ಒಂದೇ ಮಾತಿಗೆ ಸಿಟ್ಟಾಗಿದ್ದು ಇದೇ ಮೊದಲು. ಜಗದೇವಪ್ಪನಿಗೆ ಅಳಿಯನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಮಂದಿಗೆ ಬಟ್ಟೆಯ ಬಗ್ಗೆ ಏನೂ ತಿಳಿಯುವುದಿಲ್ಲ, ಮೈ ಇರುವುದು ನಮ್ಮಿಬ್ಬರಿಗೇ ಎನ್ನುವಂತೆ ಇಬ್ಬರೂ ಜರಿಯನ್ನೂ ಗಂಜಿಯನ್ನೂ ಸೋಡಾವನ್ನೂ ಸಾಲಾಗಿ ಬೈಯಲು ಕೂತರು. ಬಾಗಿಲಲ್ಲಿ ನಿಂತಿದ್ದ ಗುರುದೇವಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಒಳಗೆ ಬಂದಳು. ಅವಳ ಸಿಟ್ಟು ಈ ಮನೆಯಲ್ಲಿ ಇದುವರೆಗೆ ಯಾರೂ ನೋಡಿರದ ಸಿಟ್ಟು.

“ಅಳಿಯಂದ್ರ ಅಂಗಿ ಚೀಟಿ ಕತ್ತರಿಸಿದ್ದು ನೋಡಿ ಹಲ್ಲು ಕಚ್ಚಿದ್ರಿ ನೀವು. ನಿಮ್ಮ ಬನೀನಿನ ಚೀಟಿ ಎಲ್ಲಿ ಹೋಗ್ಯಾವಂತ ಎಂದರ ನೋಡೀರೇನು? ಒಂದೊಂದಾ ನಾ ಬಿಚ್ಚಿ ತೆಗೀತೀನಿ. ಬೆಂಡಿಕಾಯಿ ಈ ಮನಿ ಹೊಸ್ತಿಲ ದಾಟಿಲ್ಲ, ಯಾರ ಸಲುವಾಗಿ? ಟೊಮ್ಯಾಟೊ ಸಿಪ್ಪಿ ಸುಲಿದು, ಹುಣಸಿ ನಾರು ಸೋಸಿ, ಹಾಲಿನ ಕೆನಿ ನಿಮ್ಮ ಕಣ್ಣಿಗೆ ಬೀಳದಂಗ ತೆಗೆದು ಕೊಡ್ತೀನಿ. ನಾರಿನ ಹಗ್ಗದಾಗ ಬಾಳೇವು ಮಾಡ್ದಾಂವ ಅಂತ. ಮದಿವಿ ಆಗಿ ಬಂದಾಗಿಂದ ನಾ ಒಬ್ಬ ಅಳಿಯನ್ನ ಸಂಭಾಳಸಾಕತ್ತೀನಿ. ಚೇತನ ಅವರು ಎರಡನೇದವರು.”

 ಹಾಲಿಗೆ ಕೆನೆ ಇರುತ್ತದೆ ಎಂಬುದೇ ಜಗದೇವಪ್ಪನಿಗೆ ಇಷ್ಟು ವರ್ಷ ಮರೆತುಹೋಗಿತ್ತು. ಕಸ್ತೂರಿ ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು, ತನ್ನ ಮುಂದಿನ ಬಾಳೆಲ್ಲ ಕಣ್ಣೆದುರು ಕಂಡವಳ ಹಾಗೆ ಅವ್ವನ ಪಕ್ಕಕ್ಕೆ ಹೋಗಿ ನಿಂತಳು.

“ಇನ್ನ ನನ್ನ ಕೈಲೆ ಆಗಂಗಿಲ್ಲ,” ಎಂದಳು ಗುರುದೇವಿ. “ಹಿತ್ತಲದಾಗ ಹಂಡೆದಾಗ ನೀರ ತುಂಬೀನಿ. ಇಬ್ಬರೂ ಹೋಗಿ ಗಂಜಿ ಬಿಡಸ್ಕೋರಿ. ಕೌದಿ ನಿಮ್ಮದು, ಮೈ ನಿಮ್ಮದು.”

ಹೇಳಿದವಳು ಕೌದಿಯನ್ನು ತಾನೇ ಹೊತ್ತೊಯ್ದು ಹಂಡೆಯೊಳಗೆ ಮುಳುಗಿಸಿ, ಮಗಳನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಹಾಲಿನಲ್ಲಿ ನೆನೆದ ಹೋಳಿಗೆಯನ್ನು ಸೊರ್ ಸೊರ್ ಎಂದು ತಿನ್ನುವ ಸದ್ದು, ತಾಯಿ ಮಗಳ ನಗು ಕೇಳಿಸಿತು.

ಮಾವ ಅಳಿಯ ಹಂಡೆಯ ಎರಡು ಬದಿಗೆ ನಿಂತು ಬಗ್ಗಿ ನೋಡಿದರು. ಗಂಜಿ ನೀರಿನಲ್ಲಿ ಬಿಟ್ಟುಕೊಂಡು, ಮೇಲೆಲ್ಲ ಬೆಳ್ಳಗೆ, ದಪ್ಪಗೆ, ಲೋಳೆ ಲೋಳೆಯಾಗಿ ತೇಲುತ್ತಿತ್ತು. ಇಬ್ಬರೂ ತೋಳು ಮೇಲಕ್ಕೆ ಏರಿಸಿದರು. ಏರಿಸಿದ ತೋಳು ಅಲ್ಲೇ ನಿಂತವು. ಬೇಲಿಯ ಆಚೆ ಓಣಿಯವರು ಒಬ್ಬೊಬ್ಬರಾಗಿ ಸೇರತೊಡಗಿದರು. ವಹಾಬನೂ ಬಂದ.

“ಅಳಿಯಂದ್ರ,” ಎಂದ ಜಗದೇವಪ್ಪ ಬಹಳ ಮರ್ಯಾದೆಯಿಂದ, “ನೀವು ನಮ್ಮ ಮನಿ ಮೊದಲನೇ ಅಳಿಯಂದ್ರು. ಮೊದ್ಲ ನೀವು ಕೈ ಹಾಕ್ರಿ.”

“ಛೆ ಛೆ, ಎಲ್ಲ್ಯರ ಉಂಟೇನ್ರಿ,” ಎಂದ ಚೇತನಕುಮಾರ ಕೈ ಮುಗಿದು. “ಹಿರಿಯರು ಇದ್ದಾಗ ನಾ ಹ್ಯಾಂಗ ಹಾಕ್ಲಿ? ಮೊದ್ಲ ನೀವು.”